ಹಬ್‌ಗೆ ಕಚ್ಚಿಕೊಂಡ ಬ್ರೇಕ್ ಡಿಸ್ಕ್: ಹಳೆಯ ಕಾರಿನಲ್ಲಿ ದೋಷ ಪತ್ತೆ ಮತ್ತು ಮನೆಯಲ್ಲೇ ಬದಲಾವಣೆ

ಮಂಗಳೂರು, ಉಡುಪಿ, ಕುಂದಾಪುರ, ಕಾರವಾರದ ಕಡೆ ಹತ್ತು ಹದಿನೈದು ವರ್ಷ ಓಡಿದ ಕಾರಿನ ಮುಂದಿನ ಚಕ್ರ ಬಿಚ್ಚಿ ನೋಡಿದರೆ, ಡಿಸ್ಕಿನ ನಡುಭಾಗವೂ ಹಬ್ಬೂ (ಚಕ್ರ ಮತ್ತು ಡಿಸ್ಕ್ ಕೂರುವ, ಬೇರಿಂಗಿನ ಮೇಲೆ ತಿರುಗುವ ಲೋಹದ ಭಾಗ) ಒಂದೇ ಎರಕದಲ್ಲಿ ಹೊಯ್ದಂತೆ ತುಕ್ಕಿನಿಂದ ಬೆಸೆದುಕೊಂಡಿರುವುದು ಸಾಮಾನ್ಯ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಆಸುಪಾಸಿನ ಮಳೆ, ಅದರ ಮೇಲೆ ಕಡಲಿನ ಉಪ್ಪುಗಾಳಿ. ಮನೆಯವರು ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದು ಕಾರು ಮಳೆಗಾಲವಿಡೀ ಅಂಗಳದಲ್ಲೇ ನಿಂತಿದ್ದರೆ ಕೇಳುವುದೇ ಬೇಡ. ಇಂಥ ಕಾರಿನ ಡಿಸ್ಕನ್ನು ಸುತ್ತಿಗೆಯ ಬಲದಿಂದ ಹೇಗೋ ಕಿತ್ತು, ಹೊಸದನ್ನು ತೂರಿಸಿ, ಚಕ್ರ ಬಿಗಿದು ಕಳಿಸಿದರೆ ಕೆಲಸ ಮುಗಿದಂತೆ ಕಾಣುತ್ತದೆ. ಕೆಲವು ಸಾವಿರ ಕಿಲೋಮೀಟರ್ ಕಳೆದ ಮೇಲೆ ಸ್ಟಿಯರಿಂಗ್ ನಡುಗಲು ಶುರುವಾದಾಗ ಅದೇ ಹೊಸ ಡಿಸ್ಕಿನ ಮೇಲೆ ಆರೋಪ ಬರುತ್ತದೆ. ನಿಜವಾದ ಕಾರಣ ಹಬ್‌ನ ಮುಖದ ಮೇಲೆ ಉಳಿದುಹೋದ ತುಕ್ಕಿನಲ್ಲಿ, ಇಲ್ಲವೇ ಹಳೆಯ ಡಿಸ್ಕನ್ನು ಹಾಳುಮಾಡಿದ ಕ್ಯಾಲಿಪರಿನ (ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ದೋಷದಲ್ಲಿ ಇರುತ್ತದೆ. ಆದ್ದರಿಂದ ಈ ಬರಹದಲ್ಲಿ ಡಿಸ್ಕ್ ಬಿಡಿಸುವ ವಿಧಾನಕ್ಕೆ ಕೊಟ್ಟಷ್ಟೇ ಜಾಗವನ್ನು ಅದಕ್ಕೆ ಹಿಂದಿನ ಪರೀಕ್ಷೆಗೂ ನಂತರದ ಶುಚಿಗೂ ಕೊಟ್ಟಿದ್ದೇನೆ.

ಇಲ್ಲಿ ಹೇಳುವುದು 2005ರಲ್ಲಿ ಬಂದ ಮೊದಲ ತಲೆಮಾರಿನ ಸ್ವಿಫ್ಟ್‌ನಂಥ ಕಾರುಗಳಿಗೆ ಅನ್ವಯಿಸುತ್ತದೆ: ಮುಂದೆ ಡಿಸ್ಕ್, ಹಿಂದೆ ಡ್ರಮ್, ಒಂದೇ ಪಿಸ್ಟನ್ ಇರುವ ಜಾರುವ ಕ್ಯಾಲಿಪರ್, ಹಬ್‌ನ ಸ್ಟಡ್‌ಗಳ (ಚಕ್ರದ ನಟ್ಟು ಕೂರುವ ಎಳೆಯುಳ್ಳ ಕಡ್ಡಿಗಳ) ಮೇಲೆ ಹೊರಗಿನಿಂದ ತೂರಿ ಕೂರುವ ಡಿಸ್ಕ್. ಕೆಲವು ಹಳೆಯ ವಿನ್ಯಾಸಗಳಲ್ಲಿ ಡಿಸ್ಕನ್ನು ಹಬ್‌ನ ಹಿಂಬದಿಯಿಂದ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಅಲ್ಲಿ ಹಬ್ಬನ್ನೇ ಬೇರಿಂಗಿನಿಂದ ಹೊರಗೆ ಎಳೆಯಬೇಕಾಗುವುದರಿಂದ ಪ್ರೆಸ್ ಇರುವ ಗ್ಯಾರೇಜಿಗೆ ಒಯ್ಯುವುದೇ ಸರಿ. ನಿಮ್ಮ ಕಾರು ಯಾವ ಬಗೆಯದು ಎಂಬುದನ್ನು ಹೊಸ ಡಿಸ್ಕ್ ಕೊಳ್ಳುವ ಮೊದಲೇ ಚಕ್ರ ಬಿಚ್ಚಿ ನೋಡಿಕೊಳ್ಳಬೇಕು.

ಹಿಡಿದುಕೊಂಡಿರುವುದು ಯಾವುದು

‘ಬ್ರೇಕ್ ಜಾಮ್ ಆಗಿದೆ’ ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಪ್ಯಾಡ್ ಡಿಸ್ಕಿಗೆ ಅಂಟಿರಬಹುದು, ಕ್ಯಾಲಿಪರಿನ ಪಿನ್ ಜಾರದೆ ನಿಂತಿರಬಹುದು, ಪಿಸ್ಟನ್ ಹಿಂದೆ ಸರಿಯದಿರಬಹುದು, ಬ್ರೇಕ್ ಹೋಸ್ ಒಳಗಿನಿಂದ ಊದಿ ದಾರಿ ಮುಚ್ಚಿರಬಹುದು, ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಬ್ರೇಕ್ ಆಯಿಲಿಗೆ ಒತ್ತಡ ಕೊಡುವ ಭಾಗ) ಒತ್ತಡವನ್ನು ಪೂರ್ತಿ ಬಿಡದಿರಬಹುದು. ಡಿಸ್ಕ್ ಹಬ್‌ಗೆ ಕಚ್ಚಿಕೊಂಡಿರುವುದು ಇವುಗಳ ಸಾಲಿಗೆ ಸೇರಿದ್ದಲ್ಲ. ಅದರಿಂದ ಕಾರು ಓಡುವಾಗ ಯಾವ ಲಕ್ಷಣವೂ ಕಾಣುವುದಿಲ್ಲ. ಬಿಚ್ಚಲು ಹೊರಟಾಗ ಮಾತ್ರ ಅದು ಗೊತ್ತಾಗುತ್ತದೆ. ಕಾರು ಎಳೆಯುತ್ತಿದ್ದರೆ, ಚಕ್ರ ಕಾಯುತ್ತಿದ್ದರೆ, ಬ್ರೇಕ್ ಸುಟ್ಟ ವಾಸನೆ ಬರುತ್ತಿದ್ದರೆ, ಮೇಲಿನ ಐದರಲ್ಲಿ ಒಂದು ದೋಷ ಇದ್ದೇ ಇದೆ ಎಂದು ತಿಳಿಯಬೇಕು. ಅದನ್ನು ಹುಡುಕದೆ ಡಿಸ್ಕ್ ಬದಲಿಸಿದರೆ ಹೊಸ ಡಿಸ್ಕಿಗೂ ಅದೇ ಗತಿ ಬರುತ್ತದೆ.

ಮಳೆಯಲ್ಲಿ ಒಂದು ರಾತ್ರಿ ನಿಂತ ಕಾರಿನ ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಹರಡುವುದು ದೋಷವಲ್ಲ. ಡಿಸ್ಕ್ ಬೀಡುಕಬ್ಬಿಣದ್ದು, ತೇವ ತಾಗಿದರೆ ಕೆಲವೇ ಗಂಟೆಗಳಲ್ಲಿ ಬಣ್ಣ ಬದಲಿಸುತ್ತದೆ, ನಾಲ್ಕಾರು ಸಲ ಬ್ರೇಕ್ ಹಾಕಿದರೆ ಮತ್ತೆ ಹೊಳಪಾಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಪ್ಯಾಡ್ ಇದ್ದ ಜಾಗದಲ್ಲಿ ಅದರದೇ ಆಕಾರದ ಗುರುತು ಕೊರೆದು ಉಳಿದಿದ್ದರೆ, ಉಗುರು ಎಳೆದಾಗ ಅಂಚು ತಾಗುತ್ತಿದ್ದರೆ, ಅಂಥ ಡಿಸ್ಕ್ ಓಡಿಸುವುದರಿಂದ ಸರಿಹೋಗುವುದಿಲ್ಲ. ಕಾರು ಅಲುಗಾಡದೇ ಇದ್ದರೆ ತಪ್ಪು ಮುಂದಿನ ಡಿಸ್ಕಿನದೇ ಎಂದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟ ಕಾರಿನಲ್ಲಿ ಹಿಂದಿನ ಡ್ರಮ್ಮಿಗೆ ಶೂ ಅಂಟಿರುವ ಸಾಧ್ಯತೆಯೇ ಹೆಚ್ಚು.

ಕಾರು ಓಡುವ ಸ್ಥಿತಿಯಲ್ಲಿದ್ದರೆ ಪರೀಕ್ಷೆಯನ್ನು ರಸ್ತೆಯಿಂದಲೇ ಆರಂಭಿಸಬಹುದು. ವಾಹನ ಸಂಚಾರ ಕಡಿಮೆ ಇರುವ ರಸ್ತೆಯಲ್ಲಿ, ಬ್ರೇಕನ್ನು ಆದಷ್ಟು ಕಡಿಮೆ ಬಳಸುತ್ತ ಐದಾರು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಗೇರ್ ಇಳಿಸಿ ನಿಧಾನಕ್ಕೆ ನಿಲ್ಲಿಸಬೇಕು. ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಎಡಬಲದ ಡಿಸ್ಕುಗಳನ್ನು ಅಳೆದು ಹೋಲಿಸಬಹುದು. ಅದಿಲ್ಲದಿದ್ದರೆ ಅಂಗೈಯನ್ನು ಚಕ್ರದ ಹತ್ತಿರ ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಡಿಸ್ಕನ್ನು ಮಾತ್ರ ಮುಟ್ಟಬಾರದು. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಯಿದ್ದರೆ ಸಮಾಧಾನ. ಒಂದು ಮಾತ್ರ ಬಹಳ ಕಾದಿದ್ದರೆ ದೋಷ ಆ ಚಕ್ರದಲ್ಲೇ ಇದೆ. ಎರಡೂ ಕಾದಿದ್ದು, ಓಡಿದಷ್ಟೂ ಪೆಡಲ್ ಗಟ್ಟಿಯಾಗುತ್ತ ಹೋಗಿ ಕಾರು ಹೆಚ್ಚು ಹೆಚ್ಚು ಎಳೆಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಕಡೆಗೆ ನೋಡಬೇಕು. ಪೆಡಲಿಗೆ ಇರಬೇಕಾದ ಅಲ್ಪ ಸಡಿಲವೇ ಇಲ್ಲದಿದ್ದರೆ ಸಿಲಿಂಡರಿನೊಳಗಿನ ಸಣ್ಣ ರಂಧ್ರ ತೆರೆದುಕೊಳ್ಳುವುದಿಲ್ಲ, ಬಿಸಿಯಿಂದ ಹಿಗ್ಗಿದ ಬ್ರೇಕ್ ಆಯಿಲ್ ಟ್ಯಾಂಕಿಗೆ ಮರಳಲಾರದೆ ಪ್ಯಾಡುಗಳನ್ನೇ ಒತ್ತುತ್ತದೆ. ಪೆಡಲಿನ ಮೇಲಿರುವ ಬ್ರೇಕ್ ಲೈಟಿನ ಸ್ವಿಚ್ಚನ್ನು ತಪ್ಪಾಗಿ ಹೊಂದಿಸಿದ್ದರೂ ಹೀಗೆಯೇ ಆಗುತ್ತದೆ.

ಮುಂದಿನ ಪರೀಕ್ಷೆ ಚಕ್ರವನ್ನು ಎತ್ತಿ ಮಾಡುವಂಥದ್ದು. ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಒಬ್ಬರು ಪೆಡಲನ್ನು ಕೆಲವು ಸಲ ಬಲವಾಗಿ ತುಳಿದು ಬಿಡಲಿ. ಇನ್ನೊಬ್ಬರು ಚಕ್ರ ತಿರುಗಿಸಿ ನೋಡಲಿ. ಪ್ಯಾಡ್ ಸವರುವ ಸಣ್ಣ ಸದ್ದು ಇದ್ದು ಚಕ್ರ ಕೈಯಿಂದ ತಿರುಗಿದರೆ ಅದು ಸಹಜ. ತಿರುಗದಿದ್ದರೆ ಕ್ಯಾಲಿಪರಿನ ಬ್ಲೀಡ್ ನಿಪ್ಪಲನ್ನು (ಆಯಿಲ್, ಗಾಳಿ ಹೊರಬಿಡುವ ಸಣ್ಣ ತಿರುಪು) ರಿಂಗ್ ಪಾನಾದಿಂದ ಅರ್ಧ ಸುತ್ತು ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಎಂದರ್ಥ. ಆಗ ತಪ್ಪು ಹೋಸಿನದು ಇಲ್ಲವೇ ಮಾಸ್ಟರ್ ಸಿಲಿಂಡರಿನದು. ನಿಪ್ಪಲ್ ಬಿಗಿದು, ಮತ್ತೆ ಪೆಡಲ್ ತುಳಿಸಿ, ಈ ಬಾರಿ ಮಾಸ್ಟರ್ ಸಿಲಿಂಡರಿನಿಂದ ಹೊರಡುವ ಪೈಪಿನ ನಟ್ಟನ್ನು ಸಡಿಲಿಸಿ ನೋಡಿ. ಚಕ್ರ ಬಿಟ್ಟುಕೊಂಡರೆ ತಪ್ಪು ಮಾಸ್ಟರ್ ಸಿಲಿಂಡರಿನದು. ಬಿಡದೆ, ನಿಪ್ಪಲ್ ತೆರೆದಾಗ ಮಾತ್ರ ಬಿಟ್ಟರೆ ದಾರಿಯಲ್ಲಿರುವ ಹೋಸ್ ಮುಚ್ಚಿದೆ. ಹಳೆಯ ರಬ್ಬರ್ ಹೋಸ್ ಹೊರಗೆ ಚೆನ್ನಾಗಿಯೇ ಕಂಡರೂ ಒಳಪದರ ಊದಿ ಕವಾಟದಂತಾಗಿರುತ್ತದೆ: ತುಳಿದ ಬಲಕ್ಕೆ ಆಯಿಲ್ ಒಳಹೋಗುತ್ತದೆ, ಮರಳಿ ಬರುವುದಿಲ್ಲ. ನಿಪ್ಪಲ್ ತೆರೆದರೂ ಚಕ್ರ ಬಿಡದಿದ್ದರೆ ಒತ್ತಡದ ಮಾತೇ ಇಲ್ಲ. ಹಿಡಿದಿರುವುದು ಪಿಸ್ಟನ್ ಅಥವಾ ಪಿನ್.

ಈ ಪರೀಕ್ಷೆಗೆ ಕೈಹಾಕುವ ಮೊದಲು ನಿಪ್ಪಲಿನ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹಿಂದಿನ ದಿನವೇ ಬಿಡುವುದು ಒಳ್ಳೆಯದು. ಹಳೆಯ ನಿಪ್ಪಲ್ ಬುಡದಲ್ಲಿ ಮುರಿದರೆ ಇಡೀ ಕ್ಯಾಲಿಪರನ್ನೇ ಬದಲಿಸಬೇಕಾಗಬಹುದು.

ಪಿಸ್ಟನ್ನೋ ಪಿನ್ನೋ ಎಂಬುದನ್ನು ಪ್ಯಾಡಿನ ಸವೆತವೇ ಹೇಳುತ್ತದೆ. ಜಾರುವ ಕ್ಯಾಲಿಪರಿನಲ್ಲಿ ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತುತ್ತದೆ. ಅದರ ಪ್ರತಿಬಲಕ್ಕೆ ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಬಂದು ಹೊರಗಿನ ಪ್ಯಾಡನ್ನು ಎಳೆದು ಒತ್ತುತ್ತದೆ. ಎರಡೂ ಪ್ಯಾಡ್ ಸರಿಸುಮಾರು ಸಮನಾಗಿ ಸವೆದಿರಬೇಕು. ಒಳಗಿನದು ತಗಡು ಕಾಣುವಷ್ಟು ಸವೆದು ಹೊರಗಿನದು ದಪ್ಪವಾಗಿ ಉಳಿದಿದ್ದರೆ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ, ಇಲ್ಲವೇ ಕ್ಯಾಲಿಪರ್ ಜಾರುತ್ತಲೇ ಇಲ್ಲ. ಹೊರಗಿನದೇ ಹೆಚ್ಚು ಸವೆದಿದ್ದರೆ ಜಾರಿ ಬಂದ ಕ್ಯಾಲಿಪರ್ ಮರಳಿ ಹೋಗುತ್ತಿಲ್ಲ. ಒಂದೇ ಪ್ಯಾಡ್ ಮೇಲೊಂದು ದಪ್ಪ ಕೆಳಗೊಂದು ದಪ್ಪ ಓರೆಯಾಗಿ ಸವೆದಿದ್ದರೆ ಎರಡು ಪಿನ್ನುಗಳಲ್ಲಿ ಒಂದು ಹಿಡಿದಿದೆ. ಹಳೆಯ ಪ್ಯಾಡನ್ನು ಕಸಕ್ಕೆ ಎಸೆಯುವ ಮೊದಲು ನಾಲ್ಕನ್ನೂ ಸಾಲಾಗಿ ಇಟ್ಟು ನೋಡುವ ಅಭ್ಯಾಸ ಎಷ್ಟು ಬೆಲೆಬಾಳುವಂಥದ್ದು ಎಂಬುದನ್ನು ಎಷ್ಟು ಹೇಳಿದರೂ ಸಾಲದು.

ಡಿಸ್ಕ್ ನಿಜಕ್ಕೂ ಬದಲಿಸುವ ಹಂತಕ್ಕೆ ಬಂದಿದೆಯೇ ಎಂಬುದು ಕೊನೆಯ ಪ್ರಶ್ನೆ. ಉಳಿಯಬೇಕಾದ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕೊರೆದಿರುತ್ತಾರೆ. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಓದಲು ಬರುತ್ತದೆ. ಅಳೆಯಲು ಮೈಕ್ರೊಮೀಟರ್ ಬೇಕು. ವರ್ನಿಯರ್ ಕ್ಯಾಲಿಪರಿನ ದವಡೆ ಅಂಚಿನ ಸವೆಯದ ದಿಂಡಿನ ಮೇಲೆ ಕೂತು ಇಲ್ಲದ ದಪ್ಪವನ್ನು ತೋರಿಸುತ್ತದೆ. ಲೇತಿಗೆ ಕೊಟ್ಟು ಸ್ಕಿಮ್ಮಿಂಗ್ (ಮೇಲ್ಮೈಯನ್ನು ತೆಳುವಾಗಿ ಕೆತ್ತಿ ಸಮಮಾಡುವುದು) ಮಾಡಿಸುವ ರೂಢಿ ನಮ್ಮಲ್ಲಿ ಬಹಳವಿದೆ. ಸ್ಕಿಮ್ಮಿಂಗ್ ಆದ ಮೇಲೂ ಕನಿಷ್ಠಕ್ಕಿಂತ ಸಾಕಷ್ಟು ದಪ್ಪ ಉಳಿಯುವುದಾದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ನಡುವೆ ಗಾಳಿಕಿಂಡಿ ಇರುವ ಡಿಸ್ಕಿನ ಕಿಂಡಿಗಳೊಳಗೆ ತುಕ್ಕು ಪದರಪದರವಾಗಿ ಉದುರುತ್ತಿದ್ದರೆ ಮೇಲ್ಮೈ ಎಷ್ಟೇ ನಯವಾದರೂ ಅದನ್ನು ನಂಬಬಾರದು.

ಕೈ ಹಾಕುವ ಮುನ್ನ

ಡಿಸ್ಕ್ ಮತ್ತು ಪ್ಯಾಡನ್ನು ಎಡಬಲ ಜೋಡಿಯಾಗಿಯೇ ಬದಲಿಸಬೇಕು. ಹಳೆಯ ಪ್ಯಾಡಿನಲ್ಲಿ ಹಳೆಯ ಡಿಸ್ಕಿನ ಗೀರುಗಳ ಅಚ್ಚು ಮೂಡಿರುವುದರಿಂದ ಅದನ್ನು ಹೊಸ ಡಿಸ್ಕಿನ ಜೊತೆ ಬಳಸಬಾರದು. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದನ್ನು ಬಿಚ್ಚಿದರೆ, ಯಾವ ಕ್ಲಿಪ್ ಎಲ್ಲಿ ಕೂತಿತ್ತು ಎಂದು ನೋಡಲು ಬಿಚ್ಚದ ಬದಿಯೇ ಮಾದರಿಯಾಗಿ ಉಳಿಯುತ್ತದೆ.

ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಬೇಕು. ಮಳೆಗೆ ನೆನೆದ ಅಂಗಳದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡೆಗಟ್ಟಿ ಕೊಟ್ಟು, ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ನಂತರ ಎತ್ತಿ, ಕೈಪಿಡಿ ತೋರಿಸಿದ ಜಾಗಕ್ಕೆ ಸ್ಟ್ಯಾಂಡ್ ಕೊಡಬೇಕು. ಕಾರಿನ ಜೊತೆ ಬರುವ ಸ್ಕ್ರೂ ಜಾಕ್ ಸ್ಟೆಪ್ನಿ ಬದಲಿಸುವುದಕ್ಕಷ್ಟೇ. ಅದರ ಮೇಲೆ ನಿಂತ ಕಾರಿನಲ್ಲಿ ಡಿಸ್ಕಿಗೆ ಸುತ್ತಿಗೆಯಿಂದ ಹೊಡೆದರೆ ಕಾರು ಜಾರಿ ಬೀಳುವುದು ನಿಶ್ಚಿತವೆಂದೇ ತಿಳಿಯಿರಿ. ಕಲ್ಲು, ಸಿಮೆಂಟ್ ಇಟ್ಟಿಗೆಗಳ ಆಧಾರವೂ ಬೇಡ, ಅವು ಎಚ್ಚರಿಕೆ ಕೊಡದೆ ಸೀಳುತ್ತವೆ. ಬಿಚ್ಚಿದ ಚಕ್ರವನ್ನು ಕಾರಿನ ಅಡಿಗೆ ಮಲಗಿಸಿಟ್ಟರೆ ಇನ್ನೊಂದು ರಕ್ಷಣೆ ಸಿಗುತ್ತದೆ.

ಬ್ರೇಕಿನ ಧೂಳನ್ನು ಊದಿ ಹಾರಿಸಬಾರದು. ಹಳೆಯ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು, ಅದರ ಎಳೆಗಳು ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ನೀರು ಸಿಂಪಡಿಸಿ ಒದ್ದೆ ಬಟ್ಟೆಯಿಂದ ಒರೆಸಿ, ಮುಖಕ್ಕೆ ಮಾಸ್ಕ್ ಹಾಕಿಕೊಳ್ಳಿ. ಸುತ್ತಿಗೆ ಎತ್ತುವ ಹೊತ್ತಿಗೆ ಕಣ್ಣಿಗೆ ಕನ್ನಡಕ ಇರಲೇಬೇಕು.

ಕ್ಯಾಲಿಪರ್ ಇಳಿಸುವುದು

ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರೆ ಕ್ಯಾಲಿಪರಿನ ಹಿಂದಿನ ಬೋಲ್ಟುಗಳು ಕೈಗೆ ಸಿಗುತ್ತವೆ. ಪಿನ್ ಬೋಲ್ಟುಗಳನ್ನು ಬಿಚ್ಚಿ, ಕ್ಯಾಲಿಪರನ್ನು ಹೊರಗೆ ತೆಗೆದು, ತಂತಿಯಿಂದ ಸ್ಪ್ರಿಂಗಿಗೆ ತೂಗುಹಾಕಬೇಕು. ಹೋಸಿನಲ್ಲೇ ನೇತಾಡಲು ಬಿಟ್ಟರೆ ಹೋಸಿನ ಒಳಪದರ ಹರಿಯುತ್ತದೆ. ನಂತರ ಪ್ಯಾಡ್, ಕ್ಲಿಪ್, ಆಮೇಲೆ ಪ್ಯಾಡುಗಳು ಕೂರುವ ಚೌಕಟ್ಟಾದ ಬ್ರ್ಯಾಕೆಟ್. ಬ್ರ್ಯಾಕೆಟಿನ ಎರಡು ಬೋಲ್ಟುಗಳು ಬಹಳ ಬಿಗಿಯಾಗಿರುತ್ತವೆ. ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದು ತುಕ್ಕು ಹಿಡಿದ ತಲೆಯನ್ನು ಸವರಿಬಿಡುತ್ತದೆ.

ಇಲ್ಲಿಯೇ ನಿಂತು ಪಿನ್ನುಗಳನ್ನು ಪರೀಕ್ಷಿಸಬೇಕು. ರಬ್ಬರ್ ಬೂಟಿನೊಳಗೆ ಪಿನ್ ಬೆರಳ ಬಲಕ್ಕೇ ಒಳಹೊರಗೆ ಜಾರಬೇಕು. ಒಳಗಿನ ಗ್ರೀಸ್ ಒಣಗಿ ಕಂದು ಅಂಟಾಗಿದ್ದರೆ, ಅಥವಾ ಪಿನ್ನಿನ ತುದಿಯ ರಬ್ಬರ್ ಬುಷ್ ಊದಿ ರಂಧ್ರವನ್ನು ತುಂಬಿಕೊಂಡಿದ್ದರೆ, ಹಿಂದೆ ಯಾರೋ ಬೇರಿಂಗಿಗೆ ಹಾಕುವ ಸಾಧಾರಣ ಗ್ರೀಸನ್ನೇ ಇಲ್ಲಿಗೂ ಸವರಿದ್ದಾರೆ ಎಂದು ಊಹಿಸಬಹುದು. ಬ್ರೇಕಿನ ರಬ್ಬರ್ ಖನಿಜ ತೈಲವನ್ನು ತಾಳುವುದಿಲ್ಲ. ಡೀಸೆಲ್, ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆಯುವುದೂ ಇದೇ ಕಾರಣಕ್ಕೆ ಸಲ್ಲ. ಪಿನ್ ಮತ್ತು ರಂಧ್ರವನ್ನು ಬ್ರೇಕ್ ಕ್ಲೀನರಿನಿಂದ ತೊಳೆದು ಒಣಗಿಸಿ, ಬ್ರೇಕಿಗೆಂದೇ ಮಾರುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚಬೇಕು. ಬುಷ್ ಇರುವ ಪಿನ್ ಮೇಲಿನದೋ ಕೆಳಗಿನದೋ ಎಂಬುದನ್ನು ಬಿಚ್ಚುವಾಗಲೇ ಗುರುತಿಟ್ಟುಕೊಳ್ಳಿ.

ಪಿಸ್ಟನ್ನಿನ ಬೂಟಿನ ತುಟಿಯನ್ನು ಮೆಲ್ಲಗೆ ಎತ್ತಿ ಒಳಗೆ ಇಣುಕಿ. ಮೇಲ್ಮೈ ಕನ್ನಡಿಯಂತೆ ಇದ್ದರೆ ನಿಪ್ಪಲಿಗೆ ಒಂದು ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ, ನಿಪ್ಪಲ್ ಸಡಿಲಿಸಿ, ಹಳೆಯ ಪ್ಯಾಡನ್ನು ಅಡ್ಡ ಇಟ್ಟು ಜಿ ಕ್ಲ್ಯಾಂಪಿನಿಂದ ನಿಧಾನವಾಗಿ ಒಳಗೆ ಒತ್ತಿ. ಕೊಳೆಯಾದ ಆಯಿಲ್ ಬಾಟಲಿಗೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಘಟಕದತ್ತ ನುಗ್ಗುವುದಿಲ್ಲ. ಪಿಸ್ಟನ್ನಿನ ಮೈಮೇಲೆ ತುಕ್ಕಿನ ಗುಳಿಗಳಿದ್ದರೆ ಒತ್ತಬೇಡಿ. ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವುದು ಚೌಕಾಕಾರದ ಒಂದು ರಬ್ಬರ್ ಸೀಲ್ ಮಾತ್ರ: ತುಳಿದಾಗ ಅದು ಪಿಸ್ಟನ್ ಜೊತೆ ಓರೆಯಾಗುತ್ತದೆ, ಬಿಟ್ಟಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಗುಳಿಬಿದ್ದ ಲೋಹ ಆ ಸೀಲನ್ನು ಹರಿದುಹಾಕುತ್ತದೆ. ಅಂಥಲ್ಲಿ ಹೊಸ ಪಿಸ್ಟನ್ ಮತ್ತು ಸೀಲ್ ಕಿಟ್, ಇಲ್ಲವೇ ಹೊಸ ಕ್ಯಾಲಿಪರ್ ಬೇಕು. ಈ ಕೆಲಸ ಮೊದಲ ಬಾರಿ ಮಾಡುವವರು ಅಷ್ಟರ ಮಟ್ಟಿಗೆ ಅನುಭವಿ ಮೆಕ್ಯಾನಿಕ್ಕಿನ ಸಹಾಯ ಪಡೆಯುವುದು ಒಳಿತು. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕ್ಯಾಲಿಪರಿನೊಳಗೇ ಇದ್ದರೆ ಆ ಪಿಸ್ಟನ್ನನ್ನು ಸಾಮಾನ್ಯವಾಗಿ ತಿರುಗಿಸಿ ಒಳಗೆ ಕಳಿಸಬೇಕಾಗುತ್ತದೆ. ಕ್ಲ್ಯಾಂಪ್ ಹಾಕಿ ಒತ್ತಿದರೆ ಒಳಗಿನ ಯಂತ್ರ ಮುರಿಯುತ್ತದೆ.

ಡಿಸ್ಕ್ ಬಿಡಿಸುವುದು

ಹೋಂಡಾ ಮತ್ತು ಹ್ಯುಂಡೈ ಕಾರುಗಳಲ್ಲಿ ಡಿಸ್ಕಿನ ಮುಖದ ಮೇಲೆ ತಲೆ ಒಳಗೆ ಇಳಿದಿರುವ ಎರಡು ಸ್ಕ್ರೂಗಳನ್ನು ಕಾಣಬಹುದು. ಸಾಧಾರಣ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಅವುಗಳ ಅಡ್ಡಗೀಟು ಸವೆದುಹೋಗುವುದೇ ಹೆಚ್ಚು. ಸುತ್ತಿಗೆಯಿಂದ ಹೊಡೆದಂತೆಲ್ಲ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇದಕ್ಕೆಂದೇ ಇದೆ. ಹೊಡೆತವು ತುಕ್ಕನ್ನೂ ಒಡೆಯುತ್ತದೆ, ತುದಿಯನ್ನು ಗೀಟಿನೊಳಗೆ ಒತ್ತಿಯೂ ಹಿಡಿಯುತ್ತದೆ. ಅದೂ ಫಲಿಸದಿದ್ದರೆ ಸ್ಕ್ರೂವಿನ ತಲೆಯನ್ನು ಡ್ರಿಲ್ ಮಾಡಿ ತೆಗೆಯಬಹುದು. ಡಿಸ್ಕ್ ಹೊರಬಂದ ಮೇಲೆ ಉಳಿದ ಮೋಟನ್ನು ಹಿಡಿದು ತಿರುಗಿಸಬಹುದು. ಓಡುವಾಗ ಡಿಸ್ಕನ್ನು ಬಿಗಿದು ಹಿಡಿಯುವುದು ಚಕ್ರದ ನಟ್ಟುಗಳು. ಈ ಸ್ಕ್ರೂಗಳ ಕೆಲಸ ಜೋಡಣೆಯ ವೇಳೆ ಡಿಸ್ಕ್ ಅಲುಗದಂತೆ ನೋಡಿಕೊಳ್ಳುವುದಷ್ಟೇ.

ಬಲಪ್ರಯೋಗಕ್ಕೆ ಮೊದಲು ಎಣ್ಣೆ, ಎಣ್ಣೆಗೆ ಸಮಯ. ತುಕ್ಕು ಬಿಡಿಸುವ ಸ್ಪ್ರೇಯನ್ನು ಡಿಸ್ಕಿನ ನಡುರಂಧ್ರ ಹಬ್‌ನ ಉಬ್ಬಿಗೆ ಕೂಡುವ ಸುತ್ತಲೂ, ಪ್ರತಿ ಸ್ಟಡ್ಡಿನ ಬುಡಕ್ಕೂ ಹೊಡೆಯಿರಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ನಡುರಂಧ್ರದಲ್ಲಿ ಮೊದಲು ಇದ್ದ ಕೂದಲೆಳೆಯಷ್ಟು ಸಡಿಲವನ್ನು ಅದೇ ತುಂಬಿ ಬಿಗಿಯುತ್ತದೆ, ಹಿಡಿತ ಮುಖ್ಯವಾಗಿ ಅಲ್ಲಿಯೇ. ಸಾಧ್ಯವಿದ್ದರೆ ಒಂದು ರಾತ್ರಿ ಹಾಗೆಯೇ ನೆನೆಯಲು ಬಿಡಿ. ಮರುದಿನ ಸ್ಟಡ್ಡುಗಳ ನಡುವಿನ ಚಪ್ಪಟೆ ಜಾಗಕ್ಕೆ, ಡಿಸ್ಕನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಮಧ್ಯಮ ಬಲದ ಏಟುಗಳನ್ನು ಕೊಡಿ. ಸ್ಟಡ್ಡಿನ ಎಳೆಗಳಿಗೆ ಏಟು ಬೀಳದಂತೆ ನಟ್ಟುಗಳನ್ನು ಕೆಲವು ಎಳೆ ಏರಿಸಿಡಿ. ಡಿಸ್ಕ್ ಒಮ್ಮೆಲೇ ಬಿಟ್ಟುಬಂದರೆ ಕಾಲಿನ ಮೇಲೆ ಬೀಳದಂತೆ ತಡೆಯುವುದೂ ಅವೇ.

ಡಿಸ್ಕಿನ ಮುಖದಲ್ಲಿ ಎದುರುಬದುರಾಗಿ ಎರಡು ಎಳೆಯುಳ್ಳ ರಂಧ್ರಗಳಿದ್ದರೆ ನಿಮ್ಮ ಭಾಗ್ಯ. ಸ್ವಿಫ್ಟ್‌ನಲ್ಲಿಯೂ ಅನೇಕ ಜಪಾನಿ ವಿನ್ಯಾಸದ ಕಾರುಗಳಲ್ಲಿಯೂ ಇವು 8 ಮಿ.ಮೀ. ಬೋಲ್ಟಿಗೆ ಹೊಂದುತ್ತವೆ, ಪಿಚ್ (ಎಳೆಗಳ ನಡುವಿನ ಅಂತರ) 1.25 ಮಿ.ಮೀ. ರಂಧ್ರದ ತುಕ್ಕನ್ನು ಮೊದಲು ಟ್ಯಾಪ್ ಹಾಕಿ ಶುಚಿಮಾಡಿ, ಬೋಲ್ಟಿನ ಎಳೆಗೂ ತುದಿಗೂ ಗ್ರೀಸ್ ಸವರಿ, ಎರಡನ್ನೂ ಸರದಿಯಲ್ಲಿ ಕಾಲು ಕಾಲು ಸುತ್ತು ಬಿಗಿಯಬೇಕು. ಒಂದನ್ನೇ ಬಿಗಿಯುತ್ತ ಹೋದರೆ ಡಿಸ್ಕ್ ಓರೆಯಾಗಿ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಬಿಗಿ ಸಾಕಷ್ಟು ಏರಿದ ಮೇಲೆ ಪಾನಾವನ್ನು ಕೆಳಗಿಟ್ಟು ನಡುಭಾಗಕ್ಕೆ ಸುತ್ತಿಗೆಯ ಏಟು ಕೊಟ್ಟು ಮತ್ತೆ ಕಾಲು ಸುತ್ತು ಬಿಗಿಯಿರಿ. ಬೋಲ್ಟಿನ ಸ್ಥಿರ ಒತ್ತಡ ಮತ್ತು ಸುತ್ತಿಗೆಯ ಕಂಪನ ಕೂಡಿದಾಗ ಬಿಡುವಷ್ಟು ಬೇಗ ಬೇರೆ ಯಾವುದರಿಂದಲೂ ಬಿಡುವುದಿಲ್ಲ. ‘ಟಪ್’ ಎಂಬ ಸದ್ದಿನೊಡನೆ ನಡುರಂಧ್ರದ ಸುತ್ತ ಕೆಂಪು ಪುಡಿ ಉದುರಿದರೆ ಗೆದ್ದಂತೆ.

ಆ ರಂಧ್ರಗಳಿಲ್ಲದ ಡಿಸ್ಕಿಗೂ ಉಪಾಯವಿದೆ. ಬ್ರ್ಯಾಕೆಟ್ ಕೂರುತ್ತಿದ್ದ ಕಿವಿಯ ರಂಧ್ರದಲ್ಲಿ ಉದ್ದನೆಯ ಬೋಲ್ಟ್ ತೂರಿಸಿ, ಡಿಸ್ಕಿಗೂ ಕಿವಿಗೂ ನಡುವೆ ನಟ್ಟು ಹಾಕಿ, ನಟ್ಟನ್ನು ಕಿವಿಗೆ ಆನಿಸಿ ಬೋಲ್ಟ್ ತಿರುಗಿಸಿದರೆ ಅದರ ತುದಿ ಡಿಸ್ಕನ್ನು ಹಿಂದಿನಿಂದ ಹೊರಕ್ಕೆ ತಳ್ಳುತ್ತದೆ. ಸ್ವಲ್ಪ ಬಿಗಿದು, ಎದುರು ಬದಿಗೆ ಒಂದೆರಡು ಏಟು ಕೊಟ್ಟು, ಸಡಿಲಿಸಿ, ಡಿಸ್ಕನ್ನು ಕಾಲು ಸುತ್ತು ತಿರುಗಿಸಿ ಮತ್ತೆ ಬಿಗಿಯಬೇಕು.

ದೊಡ್ಡ ಸುತ್ತಿಗೆಯಿಂದ ಡಿಸ್ಕಿನ ಹಿಂಭಾಗಕ್ಕೆ ಬೀಸಿ ಹೊಡೆಯುವುದನ್ನು ನಾನು ಕೊನೆಯ ದಾರಿಗಳಲ್ಲೇ ಇಡುತ್ತೇನೆ. ಆ ಏಟು ಹಬ್‌ನ ಮೂಲಕ ನೇರವಾಗಿ ಚಕ್ರದ ಬೇರಿಂಗಿಗೆ ಹೋಗುತ್ತದೆ. ಗುಂಡುಗಳು ತಮ್ಮ ಹಾದಿಯಲ್ಲಿ ಸಣ್ಣ ತಗ್ಗು ಒತ್ತುತ್ತವೆ, ಕೆಲವು ತಿಂಗಳಲ್ಲಿ ಬೇರಿಂಗ್ ಗುಂಯ್‌ಗುಡಲು ಶುರುಮಾಡುತ್ತದೆ. ಎಬಿಎಸ್ ಸೆನ್ಸರ್ ಇದ್ದರೆ ಅದೂ ಏಟಿನ ದಾರಿಯಲ್ಲಿದೆ. ಗ್ಯಾಸ್ ಬೆಂಕಿಯಿಂದ ಕಾಯಿಸುವುದನ್ನು ಮನೆಯಲ್ಲಿ ಮಾಡಲೇಬಾರದು. ಬೇರಿಂಗಿನ ಗ್ರೀಸ್ ಮತ್ತು ರಬ್ಬರ್ ಸುಡುವುದು ಒಂದು ಕಾರಣ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಿಸಿ ಲೋಹಕ್ಕೆ ತಾಗಿದರೆ ಫಾಸ್ಜೀನ್ ಎಂಬ ಮಾರಕ ಅನಿಲ ಹುಟ್ಟುವುದು ಇನ್ನೊಂದು ಕಾರಣ. ಯಾವುದಕ್ಕೂ ಬಗ್ಗದ ಡಿಸ್ಕನ್ನು ಆಂಗಲ್ ಗ್ರೈಂಡರಿನಿಂದ ಎದುರುಬದುರು ಎರಡು ಕಡೆ ಸೀಳಿ, ಹಬ್‌ನ ಲೋಹಕ್ಕೆ ತಾಗುವ ಮೊದಲೇ ನಿಲ್ಲಿಸಿ, ಸೀಳಿಗೆ ಚಾಣ ಇಟ್ಟು ಹೊಡೆದರೆ ಬೀಡುಕಬ್ಬಿಣ ಸೀಳಿಕೊಂಡು ಹಿಡಿತ ಬಿಡುತ್ತದೆ. ಬೇರಿಂಗಿಗೆ ಇದು ಸುತ್ತಿಗೆಗಿಂತ ಸೌಮ್ಯ.

ಹಬ್‌ನ ಮುಖ

ಹಳೆಯ ಡಿಸ್ಕ್ ಕೈಗೆ ಬಂದ ಸಂತೋಷದಲ್ಲಿ ಹೆಚ್ಚಿನವರು ಆತುರಪಡುವುದು ಇಲ್ಲೇ. ಹಬ್‌ನ ಮುಖವನ್ನು ಟಾರ್ಚ್ ಬೆಳಕಿನಲ್ಲಿ ಓರೆಯಿಂದ ನೋಡಿ: ಹೊರ ಅಂಚಿನುದ್ದಕ್ಕೂ ತುಕ್ಕಿನ ಪದರ, ಪ್ರತಿ ಸ್ಟಡ್ಡಿನ ಬುಡದಲ್ಲಿ ಉಂಗುರದಂತೆ ಉಬ್ಬಿದ ಕಪ್ಪು ಹೆಕ್ಕಳ, ನಡುವಿನ ಉಬ್ಬಿನ ಬುಡದ ಮೂಲೆಯಲ್ಲಿ ಒತ್ತಿ ಗಟ್ಟಿಯಾದ ಪುಡಿ. ಕಪ್ಪು ಹೆಕ್ಕಳ ಲೋಹದಂತೆಯೇ ಹೊಳೆಯುವುದರಿಂದ ಶುಚಿಯಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಚಾಣದ ತುದಿಯಿಂದ ಒತ್ತಿ ಕೆರೆದರೆ ಚೂರುಚೂರಾಗಿ ಏಳುತ್ತದೆ.

ಇದು ಏಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ಹಬ್‌ನ ಮುಖದ ವ್ಯಾಸ ಸುಮಾರು 130 ಮಿ.ಮೀ. ಇದ್ದು, ಅದರ ಒಂದು ಅಂಚಿನಲ್ಲಿ 0.05 ಮಿ.ಮೀ. ದಪ್ಪದ ಚೂರು ಉಳಿದರೆ, 250 ಮಿ.ಮೀ. ವ್ಯಾಸದ ಡಿಸ್ಕ್ ಅದರ ಮೇಲೆ ಓರೆಯಾಗಿ ಕೂತು ಹೊರ ಅಂಚಿನ ಬಳಿ 0.09 ಮಿ.ಮೀ.ನಷ್ಟು ಆಚೀಚೆ ಓಲಾಡುತ್ತದೆ. ಅನೇಕ ತಯಾರಕರು ಕೊಡುವ ಮಿತಿ 0.05ರಿಂದ 0.10 ಮಿ.ಮೀ. ಮಾತ್ರ. ಅಂದರೆ ಕಾಗದದ ಹಾಳೆಗಿಂತ ತೆಳುವಾದ ತುಕ್ಕಿನ ಚೂರೊಂದು ಹೊಸ ಡಿಸ್ಕನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಆರಂಭದಲ್ಲಿ ಚಾಲಕರಿಗೆ ಏನೂ ತಿಳಿಯುವುದಿಲ್ಲ. ಬ್ರೇಕ್ ಹಾಕದೆ ಓಡುವಾಗಲೂ ಡಿಸ್ಕಿನ ಓಲಾಡುವ ಭಾಗ ಪ್ರತಿ ಸುತ್ತಿನಲ್ಲೂ ಪ್ಯಾಡನ್ನು ಸವರುತ್ತ ಸಾವಿರಾರು ಕಿಲೋಮೀಟರಿನಲ್ಲಿ ಆ ಜಾಗದಲ್ಲಿ ಮಾತ್ರ ತೆಳುವಾಗುತ್ತದೆ. ದಪ್ಪದಲ್ಲಿ ಆಗುವ ಈ ಏರುಪೇರೇ ಮುಂದೆ ಪೆಡಲ್ ಮಿಡಿಯಲು, ಸ್ಟಿಯರಿಂಗ್ ನಡುಗಲು ಕಾರಣ. ‘ಡಿಸ್ಕ್ ಬೆಂಡ್ ಆಗಿದೆ’ ಎಂದು ಗ್ಯಾರೇಜಿನಲ್ಲಿ ಹೇಳುವ ಪ್ರಕರಣಗಳಲ್ಲಿ ಬಹುಪಾಲು ಬೆಂಡ್ ಅಲ್ಲ, ಇದೇ.

ಆದ್ದರಿಂದ ಮುಖವನ್ನು ಚಾಣದಿಂದ ಕೆರೆದು, ತಂತಿ ಬ್ರಷ್ಷಿನಿಂದ ಉಜ್ಜಿ, ಎಮರಿ ಹಾಳೆಯನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ ತಿಕ್ಕಬೇಕು. ಗ್ರೈಂಡರಿನ ಕಲ್ಲು ತಾಗಿಸಿದರೆ ಲೋಹವೇ ತಗ್ಗಾಗುತ್ತದೆ. ಸ್ಟಡ್ಡಿನ ಬುಡದ ಉಂಗುರವನ್ನು ತೆಗೆಯಲು ಸ್ಟಡ್ಡಿನ ಮೇಲೆ ಕೂರುವಷ್ಟು ಅಗಲದ ಪೈಪಿನ ತುಂಡಿನ ಅಂಚಿಗೆ ಎಮರಿ ಅಂಟಿಸಿ ತಿರುಗಿಸುವುದು ಸುಲಭ. ಕೊನೆಗೆ ಬೆರಳು ಓಡಿಸಿದಾಗ ಎಲ್ಲಿಯೂ ತಡೆಯಬಾರದು. ಮುಂದಿನ ಬಾರಿ ಕಚ್ಚದಿರಲೆಂದು ನಡುವಿನ ಉಬ್ಬಿನ ಸುತ್ತ ಮಾತ್ರ ಬಿಸಿ ತಾಳುವ ಗ್ರೀಸನ್ನು ತೆಳ್ಳನೆ ಸವರಬಹುದು. ಚಪ್ಪಟೆ ಮುಖಕ್ಕೆ ಏನನ್ನೂ ಹಚ್ಚದೆ ಒಣದಾಗಿಯೇ ಬಿಡಿ.

ಜೋಡಣೆ

ಹೊಸ ಡಿಸ್ಕಿನ ಮೇಲೆ ತುಕ್ಕು ತಡೆಯುವ ಎಣ್ಣೆ ಇರುತ್ತದೆ. ಬ್ರೇಕ್ ಕ್ಲೀನರಿನಿಂದ, ಇಲ್ಲವೇ ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸಾಬೂನಿನಿಂದ ಎರಡೂ ಮುಖಗಳನ್ನು ತೊಳೆದು ಕೂಡಲೇ ಒಣಗಿಸಿ. ಡಿಸ್ಕನ್ನು ಹಬ್‌ ಮೇಲೆ ಕೂರಿಸಿ, ವಾಷರ್ ಇಟ್ಟು ಚಕ್ರದ ನಟ್ಟುಗಳೆಲ್ಲವನ್ನೂ ಸಮನಾಗಿ ಬಿಗಿದು, ಡಯಲ್ ಗೇಜ್ ದೊರೆತರೆ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ಅದರ ತುದಿ ತಾಗಿಸಿ ಒಂದು ಸುತ್ತು ತಿರುಗಿಸಿ. ಓಲಾಟ ಮಿತಿ ಮೀರಿದರೆ ಡಿಸ್ಕನ್ನು ತೆಗೆದು ಒಂದು ಸ್ಟಡ್ಡಿನಷ್ಟು ಸರಿಸಿ ಕೂರಿಸಿ ಮತ್ತೆ ಅಳೆಯಿರಿ. ಹಬ್‌ನ ಮತ್ತು ಡಿಸ್ಕಿನ ಅಲ್ಪ ಓರೆಗಳು ಒಂದನ್ನೊಂದು ಕಳೆದುಕೊಳ್ಳುವ ಸ್ಥಾನ ಹಲವು ಬಾರಿ ಸಿಗುತ್ತದೆ.

ಬ್ರ್ಯಾಕೆಟಿನಲ್ಲಿ ಪ್ಯಾಡಿನ ಕಿವಿಗಳು ಕೂರುವ ತೋಡನ್ನೂ ಮರೆಯಬೇಡಿ. ಸ್ಟೀಲ್ ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ಉಬ್ಬಿ ತೋಡು ಕಿರಿದಾಗಿದ್ದರೆ ಹೊಸ ಪ್ಯಾಡ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕ್ಲಿಪ್ ತೆಗೆದು ಅಡಿಯನ್ನು ಅರದಿಂದ ಉಜ್ಜಿ, ಹೊಸ ಕ್ಲಿಪ್ ಹಾಕಿ, ಪ್ಯಾಡ್ ಕೈಯಿಂದಲೇ ಜಾರುತ್ತದೆಯೇ ಎಂದು ನೋಡಿ. ಬೋಲ್ಟುಗಳ ಬಿಗಿಯ ಅಳತೆ ಒಂದೊಂದು ಮಾದರಿಗೂ ಬೇರೆಯಾದ್ದರಿಂದ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯ ಅಂಕಿಯನ್ನೇ ಟಾರ್ಕ್ ಪಾನಾದಲ್ಲಿ ಇಟ್ಟು ಬಿಗಿಯಬೇಕು.

ಪರೀಕ್ಷೆಯ ವೇಳೆ ನಿಪ್ಪಲ್ ಅಥವಾ ಪೈಪ್ ಸಡಿಲಿಸಿದ್ದರೆ ಬ್ರೇಕ್ ಆಯಿಲಿನೊಳಗೆ ಸೇರಿದ ಗಾಳಿ ತೆಗೆಯಬೇಕು. ಕಾರು ಹಳೆಯದಾದರೆ ಈ ಅವಕಾಶದಲ್ಲಿ ಪೂರ್ತಿ ಆಯಿಲನ್ನೇ ಬದಲಿಸಿಬಿಡಿ: ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವ ಹೀರುತ್ತವೆ. ಡಾಟ್ 4ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬ ನಿಯಮವಿದ್ದರೆ, ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ 155 ಡಿಗ್ರಿ ಮಾತ್ರ. ಆಗುಂಬೆ, ಶಿರಾಡಿ ಘಾಟಿ ಇಳಿಯುವ ಕಾರಿಗೆ ಈ ಅಂತರ ಸಣ್ಣದಲ್ಲ. ಒಳಗಿನಿಂದ ಪಿಸ್ಟನ್ನಿಗೆ ತುಕ್ಕು ಹಿಡಿಸುವುದೂ ಅದೇ ತೇವ. ಮುಚ್ಚಳದ ಮೇಲೆ ಬರೆದ ದರ್ಜೆಯನ್ನೇ ಹಾಕಿ, ಸಿಲಿಕೋನ್ ಆಧಾರದ ಡಾಟ್ 5 ಬೆರೆಸಬೇಡಿ. ಪೇಂಟಿನ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ.

ಕಾರನ್ನು ಇಳಿಸಿದ ಮೇಲೆ, ಎಂಜಿನ್ ಚಾಲೂ ಮಾಡಿ ಗೇರ್ ಹಾಕುವ ಮೊದಲು, ಪೆಡಲನ್ನು ಗಟ್ಟಿಯಾಗುವವರೆಗೆ ತುಳಿಯಲೇಬೇಕು. ಒಳಗೆ ಒತ್ತಿದ ಪಿಸ್ಟನ್ ಪ್ಯಾಡಿನ ತನಕ ಬರಲು ಹಲವು ತುಳಿತ ಬೇಕು. ಅಲ್ಲಿಯವರೆಗೆ ಕಾರಿಗೆ ಬ್ರೇಕೇ ಇರುವುದಿಲ್ಲ. ಟ್ಯಾಂಕಿನ ಮಟ್ಟ ನೋಡಿ, ಅಂಗಳದಲ್ಲೇ ನಡಿಗೆಯ ವೇಗದಲ್ಲಿ ಒಂದೆರಡು ಬಾರಿ ನಿಲ್ಲಿಸಿ ನೋಡಿದ ಮೇಲೆ ರಸ್ತೆಗೆ ಇಳಿಯಿರಿ. ಹಿಂದೆ ವಾಹನವಿಲ್ಲದ ಜಾಗದಲ್ಲಿ 60 ಕಿ.ಮೀ. ವೇಗದಿಂದ 20ಕ್ಕೆ ಮಧ್ಯಮ ಬಲದಲ್ಲಿ ಇಳಿಸುವುದು, ತಣ್ಣಗಾಗಲು ಅರ್ಧ ಕಿಲೋಮೀಟರಿನಷ್ಟು ಬ್ರೇಕಿಲ್ಲದೆ ಓಡಿಸುವುದು, ಹೀಗೆ ಹತ್ತು ಹದಿನೈದು ಬಾರಿ ಮಾಡಿದರೆ ಪ್ಯಾಡಿನ ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ. ಕಾದ ಬ್ರೇಕನ್ನು ಒತ್ತಿ ಹಿಡಿದು ನಿಲ್ಲಬೇಡಿ, ಪ್ಯಾಡಿನ ಗುರುತು ಡಿಸ್ಕಿನ ಮೇಲೆ ಒಂದೇ ಕಡೆ ಅಚ್ಚಾಗುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹಠಾತ್ ಬ್ರೇಕನ್ನು ಆದಷ್ಟು ತಪ್ಪಿಸಿ. 50ರಿಂದ 100 ಕಿ.ಮೀ. ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಟಾರ್ಕ್ ಪಾನಾದಿಂದ ಇನ್ನೊಮ್ಮೆ ನೋಡಬೇಕು: ಹಬ್‌ ಮತ್ತು ಡಿಸ್ಕಿನ ನಡುವೆ ಉಳಿದ ಸೂಕ್ಷ್ಮ ಪುಡಿ ಕುಸಿದಿದ್ದರೆ ಆ ಹೊತ್ತಿಗೆ ಬಿಗಿ ಸ್ವಲ್ಪ ಇಳಿದಿರುತ್ತದೆ.